ಆನೆ ಕಂದಕಕ್ಕೆ ಬಿದ್ದ ನಮ್ಮ ಚೀಲಗಳು

ನನ್ನ ಏಳನೇ ತರಗತಿಯ ಹುಡುಗಿಯೊಬ್ಬಳು ಒಂದು ಸೋಮವಾರ ಶಾಲೆಗೆ ಬರಲಿಲ್ಲ. ಮಳೆ ಹಿಡಿದರೂ, ದಾರಿಯಲ್ಲಿ ಆನೆ ನಿಂತಿದೆ ಎಂಬ ಸುದ್ದಿ ಬಂದರೂ ಸುತ್ತುಬಳಸಿ ಬಂದು ಕೂರುವ ಮಗು ಅದು. ಮಧ್ಯಾಹ್ನ ಊಟಕ್ಕೆ ತಟ್ಟೆ ಹಿಡಿದು ನಿಂತಿದ್ದ ಅವಳ ಬೀದಿಯ ಮಕ್ಕಳನ್ನು ಕೇಳಿದೆ. "ಅವ್ರ ಅಸ ಒಟ್ಟೆ ಉಬ್ಬಿ ಬಿದ್ದೋಗದ ಟೀಚರ್. ಡಾಕ್ಟ್ರು ಬಂದವ್ರ," ಎಂದರು.

ನಮ್ಮದು ತಾಳವಾಡಿ ಬೆಟ್ಟಸೀಮೆಯ ಒಂದು ಸರ್ಕಾರಿ ಕನ್ನಡ ಶಾಲೆ. ತಿಗನಾರೆಯ ಕಡೆಯಿಂದ ಕಾಡಿನತ್ತ ಹೋಗುವ ರಸ್ತೆ ಮುಗಿಯುವ ಊರು. ಮನೆಗಳಾಚೆ ಹೊಲ, ಹೊಲಗಳಾಚೆ ಆನೆ ದಾಟದಿರಲೆಂದು ತೋಡಿದ ಕಂದಕ, ಅದರಾಚೆ ಕಾಡು. ಸೀಮೆ ತಮಿಳು ರಾಜ್ಯಕ್ಕೆ ಸೇರಿದ್ದರಿಂದ ಆಫೀಸಿನ ಕಾಗದವೆಲ್ಲ ತಮಿಳಿನಲ್ಲಿ, ಮನೆಯ ಮಾತೆಲ್ಲ ಕನ್ನಡದಲ್ಲಿ. ನಾನು ಹುಟ್ಟಿದ್ದೂ ಇಲ್ಲೇ, ಎರಡು ಊರಿನಾಚೆ, ರಾಗಿ ಬೆಳೆಯುವ ಮನೆಯಲ್ಲಿ. ಈಗಲೂ ಅಲ್ಲಿಂದಲೇ ಬಸ್ಸಿಗೆ ಬಂದು ವಿಜ್ಞಾನ ಪಾಠ ಮಾಡುತ್ತೇನೆ.

ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಊರಿನ ಕೆಳಗೆ, ಹೊರಗಿರುವ ದಲಿತರ ಕಾಲೋನಿಯಲ್ಲಿ ಮನೆ. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುವವರು. ಇದ್ದದ್ದು ಒಂದೇ ಹಸು, ಮನೆಗೆ ಮೊಸರೂ ಅದರದ್ದೇ, ಹುಡುಗಿಯ ಬಟ್ಟೆಬರೆಗೆ ದುಡ್ಡೂ ಅದರ ಹಾಲಿನದ್ದೇ. ನಾನು ಹೋಗುವಷ್ಟರಲ್ಲಿ ಅದು ಸತ್ತಿತ್ತು. ಯಾತರಿಂದ ಸತ್ತಿತೆಂದು ತಿಳಿಯಲೇಬೇಕು ಎಂದು ಅವಳಪ್ಪ ಹಟ ಹಿಡಿದಿದ್ದರಿಂದ, ತಾಳವಾಡಿಯಿಂದ ಬಂದಿದ್ದ ದನದ ಡಾಕ್ಟರು ಬಯಲಿನಲ್ಲೇ ಹೊಟ್ಟೆ ಕೊಯ್ದರು. ಅವ್ವ ರೆಟ್ಟೆ ಹಿಡಿದು ಎಳೆದರೂ ಹುಡುಗಿ ಅಲ್ಲಿಂದ ಕದಲಲಿಲ್ಲ.

ಹೊರಗೆ ಬಂದದ್ದು ಮೇವಲ್ಲ. ಕವರು, ಗೊಬ್ಬರದ ಚೀಲದ ದಾರ, ಹಾಲಿನ ಪ್ಯಾಕೆಟ್ಟು ಎಲ್ಲ ಒಂದಕ್ಕೊಂದು ಹೆಣೆದುಕೊಂಡು ಹಗ್ಗದ ಉಂಡೆಯ ಹಾಗೆ ಆಗಿದ್ದವು. ಡಾಕ್ಟರು ಕೋಲಿನಲ್ಲಿ ಅದನ್ನು ಬಿಡಿಸಿದಾಗ ಕೆಂಪು ಹಳದಿ ಬಣ್ಣ ಇನ್ನೂ ಮಾಸದ ತಿಂಡಿ ಪ್ಯಾಕೆಟ್ಟುಗಳು ಕಂಡವು. ಹುಡುಗಿ ನನ್ನ ಕಡೆ ತಿರುಗಿ, "ಟೀಚರ್, ಇವು ನಮ್ ಸ್ಕೂಲ್ ಮುಂದ್ಲ ಅಂಗ್ಡೀವು. ನಾನೂ ತಿಂದು ಬಿಸಾಕಿವ್ನಿ," ಎಂದಳು. ಅತ್ತು ಹೇಳಿದ್ದಲ್ಲ. ಉಪ್ಪು ಎಲ್ಲಿದೆ ಎಂದು ಕೇಳಿದರೆ ಹೇಳುವಂಥ ದನಿ. ಅವಳಪ್ಪ ಹಸುವಿನ ಕೊಂಬಿನ ಮೇಲೆ ಕೈಯಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದ. ಅವಳ ತಲೆ ಸವರಿ ಬಂದೆ.

ಮಣ್ಣಿನಲ್ಲಿ ಕರಗುವ ವಸ್ತು, ಕರಗದ ವಸ್ತು ಎಂದು ಒಂದು ಪಾಠವಿದೆ. ಆ ವಾರ ಅದೇ ಪಾಠ ಬಂತು. ಎಲೆ, ಸಗಣಿ, ಸಿಪ್ಪೆ ಒಂದು ಕಡೆ. ಪ್ಲಾಸ್ಟಿಕ್ಕು, ಗಾಜು ಇನ್ನೊಂದು ಕಡೆ. ಬೋರ್ಡಿನ ಮೇಲೆ ಬರೆದು ಮುಗಿಸುವಾಗ ಅವಳು ಎದ್ದು ನಿಂತಳು. "ಕರಗ್ದೆ ಇರದು ಎಲ್ಲಿಗ ಓಯ್ತದ ಟೀಚರ್?"

ಅದನ್ನು ಕೂಡಿಸಿ ಕಾರ್ಖಾನೆಗೆ ಕಳಿಸುತ್ತಾರೆ, ಕರಗಿಸಿ ಬೇರೆ ವಸ್ತು ಮಾಡುತ್ತಾರೆ ಎಂದು ಪುಸ್ತಕದಲ್ಲಿದ್ದದ್ದನ್ನು ಹೇಳಿದೆ. "ಅಂಗಾರ ನಾವು ಕೂಡಿಸ್ಮ," ಎಂದಳು. ಶುರುವಾದದ್ದು ಹಾಗೆ.

ಆರು, ಏಳು, ಎಂಟನೇ ತರಗತಿಯ ಮಕ್ಕಳೆಲ್ಲ ಸೇರಿದರು. ಮಕ್ಕಳಿಗೆ ಮೊದಮೊದಲು ಅದು ಆಟ. ಬೇಲಿ ಸಂದಿಯಲ್ಲಿ, ನಲ್ಲಿಯ ಬುಡದಲ್ಲಿ, ಶೌಚಾಲಯದ ಹಿಂದೆ ಎಷ್ಟು ಸಮಯದಿಂದ ಬಿದ್ದಿದ್ದವೋ, ಆ ಪ್ಯಾಕೆಟ್ಟುಗಳನ್ನೆಲ್ಲ ಮಣ್ಣು ಕೆರೆದು ತೆಗೆದರು. ಮನೆಯಿಂದ ಗೊಬ್ಬರದ ಖಾಲಿ ಚೀಲ ತಂದು ತೊಳೆದು ಒಣಗಿಸಿ, ನೀಲಿ ಬಣ್ಣದಲ್ಲಿ ತಮ್ಮ ತಮ್ಮ ತರಗತಿಯ ಅಂಕಿ ಬರೆದರು. ಯಾವ ತರಗತಿಯ ಚೀಲ ಮೊದಲು ತುಂಬುತ್ತದೆ ಎಂದು ಪೈಪೋಟಿ ಬೇರೆ. ತುಂಬಿದ್ದನ್ನು ಹೆಂಚು ಹಾರಿಹೋಗಿದ್ದ ಹಳೆಯ ಅಡುಗೆ ಕೋಣೆಯಲ್ಲಿ ಪೇರಿಸಿದೆವು.

ಶಾಲೆಯ ಗೇಟಿನೆದುರು ಒಂದು ಪೆಟ್ಟಿಗೆ ಅಂಗಡಿ. ಗಂಡನಿಲ್ಲದ ಒಬ್ಬ ಅಜ್ಜಿ ನಡೆಸುತ್ತಿದ್ದರು. ಅಂಗಡಿಯ ಮುಂದೆ ಪ್ಯಾಕೆಟ್ಟುಗಳ ಸರ ಮದುವೆ ಮನೆಯ ತೋರಣದ ಹಾಗೆ ನೇತಾಡುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಹೋಗಿ, "ಅಜ್ಜಿ, ಇದರ ಬದ್ಲು ಕಡ್ಲೆಕಾಯಿ ಬೇಯ್ಸಿ ಮಾರಿ, ಮಕ್ಳು ತಕತಾರ," ಎಂದೆ. ಒಳ್ಳೆಯ ಹೆಂಗಸು, ಮರುದಿನವೇ ಬೇಯಿಸಿದರು. ಹಳೇ ಪೇಪರಿನ ಪೊಟ್ಟಣ ಕಟ್ಟಿಟ್ಟರು. ಕೆಲವು ದಿನ ಮಕ್ಕಳು ಮುಗಿಬಿದ್ದು ಕೊಂಡರು. ಆಮೇಲೆ ಒಬ್ಬೊಬ್ಬರೇ ಸರದ ಕಡೆ ಕೈ ತೋರಿಸತೊಡಗಿದರು. ಒಂದು ಬೆಳಿಗ್ಗೆ ಅಜ್ಜಿ ನನ್ನನ್ನು ಕೂಗಿ ಕರೆದು, ಬೂಷ್ಟು ಹಿಡಿದ ಕಡಲೆಕಾಯಿಯ ಬುಟ್ಟಿ ತೋರಿಸಿದರು.

"ಪ್ಯಾಕೆಟ್ಟಾದ್ರ ವ್ಯಾನ್‌ನೋನು ನೇತಾಕ್ಬುಟ್ಟು ಓಯ್ತಾನ. ಮಾರಾಟ ಆಗ್ದೆ ಇದ್ರ ಅವ್ನೇ ವಾಪಸ್ ತಕತಾನ. ಇದ್ನ ಯಾರ್ ವಾಪಸ್ ತಕತಾರ, ನೀನೇ ಏಳವ್ವ?"

ಬುಟ್ಟಿಯನ್ನು ನಾನೇ ತೆಗೆದುಕೊಂಡು ಹೋಗಿ ಹಿತ್ತಲಿಗೆ ಚೆಲ್ಲಿದೆ. ಸರ ನೇತಾಡುತ್ತಲೇ ಇತ್ತು.

ಆದರೂ ಮಕ್ಕಳ ಹುರುಪು ಇಳಿಯಲಿಲ್ಲ. ಶನಿವಾರ ಬೆಳಿಗ್ಗೆ ಊರೊಳಗೆ ಹೋಗೋಣ ಎಂದರು. ಮೊದಲ ಶನಿವಾರ ಊರಿನ ಜನ ಜಗುಲಿಯಲ್ಲಿ ಕೂತು ನಕ್ಕರು. ಎರಡನೆಯ ಸಲ ಕೆಲವರು ಮಕ್ಕಳಿಗೆ ಮಜ್ಜಿಗೆ ಕೊಟ್ಟರು. ಅದಾದ ಮೇಲೆ ಒಬ್ಬ ತಂದೆ ಶಾಲೆಗೆ ಬಂದರು. ಊರಿನಲ್ಲಿ ಹೆಚ್ಚು ಜಮೀನಿದ್ದವರು, ದಿನಾ ವಿಭೂತಿ ಹಚ್ಚಿ ಪೂಜೆ ಮುಗಿಸಿಯೇ ಹೊಲಕ್ಕಿಳಿಯುವವರು. ನನ್ನ ಅಪ್ಪನಿಗೂ ಪರಿಚಯ. ಅವರ ಮಗ ಎಂಟನೇ ತರಗತಿಯಲ್ಲಿದ್ದ. ನಾನು ಜಗುಲಿಯಲ್ಲಿ ಹುಡುಗಿಯ ಜೊತೆ ಚೀಲದ ಬಾಯಿ ಕಟ್ಟುತ್ತಿದ್ದೆ.

"ಟೀಚ್ರೆ, ನಮ್ ಉಡ್ಗ ಬೀದಿ ಕಸ ಎತ್ತದ? ಓದಾಕ ಕಳ್ಸಿವ್ನೋ, ಇದ್ಕೋ?"

"ಅಣ್ಣ, ಅವ್ನು ಎತ್ತಿದ್ದು ನಿಮ್ ಮನ ಮುಂದ್ಲ ಕಸಾನೇಯ," ಎಂದೆ.

"ಯಾರ್ ಮನ ಮುಂದ್ಲದಾದ್ರೂ ಆಗ್ಲಿ. ಅದ್ಕ ಬ್ಯಾರೆ ಜನ ಇಲ್ವ?"

ಅವರು ಹೆಸರೆತ್ತಿ ಯಾರನ್ನೂ ಹೇಳಲಿಲ್ಲ. ಆದರೆ ಹೇಳುವಾಗ ಕಣ್ಣು ಹುಡುಗಿಯ ಕಡೆ ಹೋಗಿ ಬಂತು. ಅವಳು ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ. ಗಂಟು ಬಿಗಿದು, ಚೀಲವನ್ನು ಕೋಣೆಯೊಳಗೆ ಎಳೆದುಕೊಂಡು ಹೋದಳು. ನಾನು ಎತ್ತಿದ ದನಿಯಲ್ಲಿ ಏನೇನೋ ಹೇಳಿದೆ. ಶಾಲೆಯಲ್ಲಿ ಎಲ್ಲ ಮಕ್ಕಳೂ ಒಂದೇ ಎಂದೆ. ಅವರು ಕೇಳಿಸಿಕೊಂಡು, "ಆಯ್ತು ಬುಡಿ," ಎಂದು ಚಪ್ಪಲಿ ಮೆಟ್ಟಿ ಹೊರಟುಹೋದರು. ಅವರ ಮಗ ಮುಂದಿನ ಶನಿವಾರ ಬರಲಿಲ್ಲ. ಆಮೇಲಿನ ಶನಿವಾರ ಅವನ ಬೀದಿಯ ಯಾರೂ ಬರಲಿಲ್ಲ. ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬಳಿಗೆ ಅಜ್ಜಿ ಮನೆ. ಕೊನೆಗೆ ಚೀಲ ಹಿಡಿದು ನನ್ನ ಜೊತೆ ನಿಂತವರು ಕಾಲೋನಿಯ ಮಕ್ಕಳು ಮಾತ್ರ.

ಆ ಮಕ್ಕಳನ್ನು ಕರೆದುಕೊಂಡು ಆ ಮನೆಗಳ ಮುಂದೆ ಹೋಗಲು ನನ್ನ ಕಾಲು ಏಳಲಿಲ್ಲ. ಜಗುಲಿಯಲ್ಲಿ ಕೂತವರು ಈ ಸಲ ನಗುವುದೂ ಇಲ್ಲ, ಮಜ್ಜಿಗೆ ಕೊಡುವುದೂ ಇಲ್ಲ, ಇದು ನಡೆಯಬೇಕಾದದ್ದೇ ಎಂಬಂತೆ ನೋಡುತ್ತಾರೆ ಎಂದು ಗೊತ್ತಿತ್ತು. ಊರಿನ ಸುತ್ತು ಇನ್ನು ಬೇಡ, ಶಾಲೆಯೊಳಗಷ್ಟೇ ಸಾಕು ಎಂದೆ.

"ಯಾಕ ನಿಲ್ಲಿಸ್ಬುಟ್ರಿ ಟೀಚರ್?" ಹುಡುಗಿ ಕೇಳಿದಳು.

"ನೀವಷ್ಟೇ ಎತ್ತದು ನಂಗ ಸರಿ ಕಾಣ್ತಿಲ್ಲ ಕಣವ್ವ."

"ಅವ್ರು ಎತ್ತದಿಲ್ಲ. ನಮ್ಗ ಎತ್ಬ್ಯಾಡಿ ಅಂತೀರಿ. ಅಂಗಾರ ದನ ತಿನ್ನದೇಯಾ?"

ಕೊನೆಗೆ ಶಾಲೆ ಮತ್ತು ಶಾಲೆಯಿಂದ ಬಸ್ ನಿಲ್ಲುವ ಜಾಗದವರೆಗಿನ ರಸ್ತೆ ಎಂದು ಒಪ್ಪಂದ ಮಾಡಿಕೊಂಡೆವು. ಯಾರ ಮನೆಯ ಬಾಗಿಲೂ ಆ ದಾರಿಯಲ್ಲಿರಲಿಲ್ಲ.

ಚೀಲಗಳೇನೋ ತುಂಬಿದವು. ಅಡುಗೆ ಕೋಣೆಯ ಬಾಗಿಲು ತೆರೆಯಲಾಗದಷ್ಟಾಯಿತು. ಗುಜರಿಯವನನ್ನು ಕರೆಸಿದರೆ ಬಾಟಲಿ, ತಗಡು ಹೆಕ್ಕಿಕೊಂಡು ಪ್ಯಾಕೆಟ್ಟುಗಳನ್ನು ಅಲ್ಲೇ ಸುರಿದು ಹೋದ. "ಇದು ತೂಕ ಬರದಿಲ್ಲ, ಯಾರೂ ತಕಳದಿಲ್ಲ," ಎಂದ. ಮಕ್ಕಳು ಮತ್ತೆ ತುಂಬಿದರು.

ಅಷ್ಟರಲ್ಲಿ ಸ್ವಚ್ಛತೆಯ ಕಾರ್ಯಕ್ರಮವೊಂದು ಬಂತು. ಬೆಟ್ಟದ ಕೆಳಗಿನಿಂದ ಅಧಿಕಾರಿಗಳು ಬಂದರು. ಗೇಟಿಗೆ ದೊಡ್ಡ ಫ್ಲೆಕ್ಸ್ ಕಟ್ಟಿದರು. ಮಕ್ಕಳಿಗೆ ಬಿಳಿ ಟೋಪಿ ಹಾಕಿಸಿದರು, ಕೈಚೀಲ ಕೊಟ್ಟರು, ಫೋಟೊ ತೆಗೆದರು. ಆ ದಿನ ಎಲ್ಲ ಬೀದಿಯ ಮಕ್ಕಳೂ ಬಂದರು; ಜಮೀನಿನವರ ಮಗನೂ ಟೋಪಿ ಹಾಕಿ ಮುಂದಿನ ಸಾಲಿನಲ್ಲೇ ನಿಂತ. ಪಂಚಾಯಿತಿಯ ಟ್ರ್ಯಾಕ್ಟರು ನಮ್ಮ ಚೀಲಗಳನ್ನು ಒಯ್ಯಲು ಬಂದು ನಿಂತಿತ್ತು. ಭಾಷಣ ಮುಗಿಸಿದ ಅಧಿಕಾರಿಯೊಬ್ಬರು ಹುಡುಗಿಯನ್ನು ಮುಂದೆ ಕರೆದು ಏನಾದರೂ ಮಾತಾಡು ಎಂದರು. ನಾನು ಅವಳಿಗೆ ನಾಲ್ಕು ಮಾತು ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದೆ. ಅವಳು ಅದನ್ನೆಲ್ಲ ಬಿಟ್ಟು ತಮಿಳಿನಲ್ಲಿ, ಈ ಮೂಟೆಗಳು ಎಲ್ಲಿಗೆ ಹೋಗುತ್ತವೆ ಸಾರ್, ಎಂದು ಕೇಳಿದಳು.

ಎಲ್ಲರೂ ನಕ್ಕರು. ಅವರೂ ನಕ್ಕು, ಕೆಳಗೆ ಹೋಗುತ್ತವೆ ಕಣಮ್ಮ, ಕರಗಿಸಿ ರಸ್ತೆ ಮಾಡುತ್ತಾರೆ, ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಟ್ರ್ಯಾಕ್ಟರಿಗೆ ಚೀಲ ಏರಿಸುವಾಗ ಇದು ನಮ್ದು, ಅದು ಅವ್ರ್ದು ಎಂದು ನೀಲಿ ಅಂಕಿ ನೋಡಿ ಕೂಗಾಡಿದರು. ಸಂಜೆ ನನ್ನ ಜೊತೆ ಬಸ್ಸಿನವರೆಗೆ ನಡೆದು ಬಂದ ಹುಡುಗಿ, "ಟೀಚರ್, ನಾವು ಬಿಸಾಕಿದ್ ಮ್ಯಾಲ ಬಸ್ಸು ಓಡ್ತದಂತ," ಎಂದು ಬಾಯಿ ತುಂಬ ನಕ್ಕಳು. ಹಸು ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಮಳೆ ಶುರುವಾಗಿತ್ತು. ಮುಸುಕಿನ ಜೋಳ ತೆನೆಗಟ್ಟಿತ್ತು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಿದ್ದಾಗ ಅದೇ ಜಮೀನಿನವರು ಕೆಸರು ಮೆತ್ತಿದ ಕಾಲಿನಲ್ಲೇ ಗೇಟಿನೊಳಗೆ ಬಂದರು. ಕೈಯಲ್ಲಿ ಒದ್ದೆಯಾದ, ಹರಿದ ಒಂದು ಚೀಲ. ಅದನ್ನು ಜಗುಲಿಯ ಮೇಲೆ ಎಸೆದರು. ನೀಲಿ ಬಣ್ಣದ ಏಳರ ಅಂಕಿ ಮೇಲಕ್ಕೆ ಕಾಣುವಂತೆ ಬಿತ್ತು.

"ಇದು ನಿಮ್ದಾ ಟೀಚ್ರೆ? ನೋಡ್ಕಳಿ. ಟ್ರಂಚು ಮುಚ್ಚಿ ಆನೆಗ ದಾರಿ ಮಾಡ್ಕೊಟ್ಟವ್ರ ನಿಮ್ ಮಕ್ಳು. ಜ್ವಾಳನೂ ಓಯ್ತು, ಬಾಳನೂ ಓಯ್ತು."

ರಾತ್ರಿಯೆಲ್ಲ ಪಟಾಕಿ ಹೊಡೆದು, ತಮಟೆ ಬಡಿದು, ಅವರ ಗಂಟಲು ಒಡೆದುಹೋಗಿತ್ತು. ಹೆಡ್ಮಾಸ್ಟರು ಅವರನ್ನು ಕೂರಿಸಿ ನೀರು ಕೊಟ್ಟರು. ನಾನು ಕಂದಕದ ಕಡೆ ಹೊರಟೆ. ಬೇಡವೆಂದರೂ ಹುಡುಗಿ ಹಿಂದೆಯೇ ಬಂದಳು. ಸ್ವಲ್ಪ ಹೊತ್ತಿಗೆ ಜಮೀನಿನವರೂ ಬಂದು ಸೇರಿಕೊಂಡರು.

ಹೊಲ ನೋಡಲಾಗುತ್ತಿರಲಿಲ್ಲ. ಜೋಳದ ದಂಟುಗಳೆಲ್ಲ ಚಾಪೆ ಹಾಸಿದ ಹಾಗೆ ಮಲಗಿದ್ದವು. ಬಾಳೆ ಗಿಡಗಳನ್ನು ಆನೆಗಳು ಸೀಳಿ ತಿರುಳು ತಿಂದಿದ್ದವು. ಕಂದಕದ ಬಳಿ ಹೋದಾಗ ಎಲ್ಲ ಅರ್ಥವಾಯಿತು. ಮಳೆಗೆ ದಡ ಕುಸಿದ ಜಾಗವೊಂದಿತ್ತು. ಟ್ರ್ಯಾಕ್ಟರು ಹಿಂದಕ್ಕೆ ಬಂದು ನಿಲ್ಲಲು ಅನುಕೂಲವಾದ ಜಾಗವೂ ಅದೇ. ಅಲ್ಲಿ ಊರಿನ ಕಸವೆಲ್ಲ ಬಿದ್ದಿತ್ತು: ಮುರಿದ ಕುರ್ಚಿ, ಒಡೆದ ಪೈಪು, ಹಳೆಯ ಹಾಸಿಗೆ. ಅದರ ಮೇಲೆ ನಮ್ಮ ಚೀಲಗಳು. ಕುಸಿದ ಮಣ್ಣೂ ಕಸವೂ ಸೇರಿ ಕಂದಕ ಅಲ್ಲಿ ತುಂಬಿ ಸಮನಾಗಿತ್ತು. ಚೀಲಗಳ ಮೇಲೆ ಆನೆ ಹೆಜ್ಜೆ ಒತ್ತಿ, ಒಂದೊಂದು ಹೆಜ್ಜೆಯಲ್ಲೂ ಮಳೆನೀರು ನಿಂತಿತ್ತು. ಆಚೆಯ ದಡದಲ್ಲಿ ಬಿದ್ದಿದ್ದ ಲದ್ದಿಯಲ್ಲಿ ನಾರಿನ ಜೊತೆ ಕೆಂಪು ಹಳದಿ ಚೂರುಗಳು ಮಿಂಚುತ್ತಿದ್ದವು.

ಹುಡುಗಿ ಒಂದು ಚೀಲದ ತುದಿ ಹಿಡಿದು ಎಳೆದಳು. ಎಂಟರದ್ದು. ಇನ್ನೊಂದನ್ನು ಎಳೆದಳು. ಕೆಸರಿನಿಂದ ಬರಲಿಲ್ಲ. ಎರಡೂ ಕೈ ಹಾಕಿ, ಹಲ್ಲು ಕಚ್ಚಿ ಎಳೆದಳು. ಚೀಲ ಹರಿದು ಪ್ಯಾಕೆಟ್ಟುಗಳು ಚೆಲ್ಲಿದವು. ಅವುಗಳನ್ನು ಹೆಕ್ಕಿ ಹೆಕ್ಕಿ ಮತ್ತೆ ಹರಿದ ಚೀಲಕ್ಕೇ ತುಂಬತೊಡಗಿದಳು. ಒಂದು ಕಡೆ ತುಂಬಿದ್ದು ಇನ್ನೊಂದು ಕಡೆ ಬೀಳುತ್ತಿತ್ತು. "ಸಾಕು ಬಾರವ್ವ," ಎಂದೆ. ಕೇಳಿಸಲಿಲ್ಲ.

ಜಮೀನಿನವರು ಅವಳನ್ನೇ ನೋಡುತ್ತ ನಿಂತಿದ್ದರು. ಶಾಲೆಯಲ್ಲಿದ್ದ ಸಿಟ್ಟು ಎಲ್ಲಿ ಹೋಯಿತೋ. "ಬುಡು ಮಗ. ನಿಂದೇನದ ತಪ್ಪು? ಎಲ್ಲಾರೂ ಇಲ್ಗೇ ಆಕದು. ಆ ಪೈಪು ನಂದೇಯ," ಎಂದರು. ಅವಳು ಆಗ ಕೈ ನಿಲ್ಲಿಸಿದಳು. ಲಂಗಕ್ಕೆ ಕೈ ಒರೆಸಿಕೊಂಡು, ನಮ್ಮಿಬ್ಬರನ್ನೂ ನೋಡದೆ ಊರಿನ ಕಡೆ ನಡೆದಳು.

ನಾನು ಮಧ್ಯಾಹ್ನ ಪಂಚಾಯಿತಿ ಆಫೀಸಿಗೆ ಹೋದೆ. ಬೈಯಬೇಕೆಂದೇ ಹೋದವಳು. ಅಲ್ಲಿನ ಗುಮಾಸ್ತರು ಬೆಟ್ಟದ ಕೆಳಗಿನವರು, ತಮಿಳಿನವರು. ನಾನು ಹೇಳಿದ್ದನ್ನೆಲ್ಲ ಕೇಳಿ, ತಲೆ ಬಗ್ಗಿಸಿ, "ಎಂಗೆ ಪೋಡುರದು ಟೀಚರ್?" ಎಂದರು. ಎಲ್ಲಿ ಹಾಕೋದು? ಸುತ್ತ ಕಾಡು, ಹುಲಿಗಳ ಕಾಡು. ಕಸ ಹಾಕಲು ಒಂದು ತುಂಡು ಜಾಗ ಕೇಳಿದರೆ ಯಾರೂ ಕೊಡುವುದಿಲ್ಲ. ಘಾಟಿ ಇಳಿಸಿ ಒಯ್ಯಲು ಲಾರಿಯಿಲ್ಲ, ಕೆಳಗೆ ತೆಗೆದುಕೊಳ್ಳುವವರೂ ಇಲ್ಲ. ಕಾರ್ಯಕ್ರಮದ ದಿನ ಮೇಲಿನವರು ಚೀಲ ಎತ್ತಿಸಿ ಎಂದರು, ಎತ್ತಿಸಿದೆವು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ, ಎಂದರು. ನನ್ನನ್ನು ಎಬ್ಬಿಸಿ ಆಫೀಸಿನ ಹಿಂಭಾಗಕ್ಕೆ ಕರೆದುಕೊಂಡು ಹೋದರು. ಗೋಡೆಗೆ ಒರಗಿ ಅಲ್ಲೂ ಒಂದು ಗುಡ್ಡೆ. ಅದರ ಮೇಲೆ ಎರಡು ಹಸುಗಳು ನಿಂತು ಮೂತಿ ಹಾಕಿದ್ದವು. ಅವರು ಹಚಾ ಹಚಾ ಎಂದು ಓಡಿಸಿದರು. ಅವು ಎರಡು ಹೆಜ್ಜೆ ಸರಿದು ಮತ್ತೆ ಬಂದವು. ಬೈಯಲು ನನಗೆ ಮನಸ್ಸು ಬರಲಿಲ್ಲ.

ಆಮೇಲೆ ಯಾರಿಗೆಲ್ಲ ಹೇಳಬಹುದೋ ಹೇಳಿದೆ. ಅರಣ್ಯದವರು ಬಂದು ಊರಿನವರನ್ನು ಗದರಿದರು. ಕಂದಕದ ಆ ಜಾಗವನ್ನು ಮತ್ತೆ ತೋಡಿಸಿದರು. ತೆಗೆದ ಕಸವನ್ನು ಅಲ್ಲೇ ಆಚೆಯ ದಡಕ್ಕೆ ಹಾಕಿದರು. ಮಳೆ ಅದನ್ನು ಹಳ್ಳಕ್ಕೆ ಒಯ್ದಿತು. ಹಳ್ಳದ ಪೊದೆಗಳಲ್ಲಿ ಪ್ಯಾಕೆಟ್ಟುಗಳು ಹೂ ಬಿಟ್ಟ ಹಾಗೆ ಅಂಟಿಕೊಂಡಿದ್ದವು ಎಂದು ದನ ಮೇಯಿಸುವವರು ಹೇಳಿದರು. ನಾನು ನೋಡಲು ಹೋಗಲಿಲ್ಲ.

ಮಕ್ಕಳಿಗೆ ಮುಚ್ಚಿಡುವುದು ಬೇಡವೆಂದು ತರಗತಿಯಲ್ಲಿ ಎಲ್ಲ ಹೇಳಿದೆ. ಆರನೇ ತರಗತಿಯ ಮಗುವೊಂದು, "ಅಂಗಾರ ಯಾಕ ಎತ್ಬೇಕು ಟೀಚರ್? ಇಲ್ಲಿದ್ರೂ ಅಷ್ಟೇ, ಅಲ್ಲಿದ್ರೂ ಅಷ್ಟೇ," ಎಂದಿತು. ನಮ್ಮ ಅಂಗಳವಾದರೂ ಚೆನ್ನಾಗಿರಲಿ, ನಾವು ಬಿಸಾಡುವುದನ್ನಾದರೂ ಕಡಿಮೆ ಮಾಡೋಣ, ದೊಡ್ಡವರಾದ ಮೇಲೆ ನೀವೇ ಜಾಗ ಕೇಳಿ ಪಡೆಯಿರಿ ಎಂದು ಎಷ್ಟೋ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಆ ಅಧಿಕಾರಿಯ ಭಾಷಣದ ಹಾಗೆ ಕೇಳಿತು. ಮಕ್ಕಳು ಮರ್ಯಾದೆಗೆ ತಲೆಯಾಡಿಸಿದರು. ಮುಂದಿನ ಶನಿವಾರ ಅಂಗಳದಲ್ಲಿ ನಿಂತು ಕಾದೆ. ಯಾರೂ ಚೀಲ ತರಲಿಲ್ಲ.

ಸ್ವಲ್ಪ ದಿನದ ಮೇಲೆ ಒಂದು ಮಧ್ಯಾಹ್ನ ತರಗತಿಯ ಬಾಗಿಲಲ್ಲಿ ನಿಂತಿದ್ದೆ. ಹುಡುಗಿ ಕಿಟಕಿಯ ಪಕ್ಕ ಕೂತು ಪ್ಯಾಕೆಟ್ಟಿನಿಂದ ಏನೋ ತಿನ್ನುತ್ತಿದ್ದಳು. ಮುಗಿಸಿ, ಖಾಲಿ ಪ್ಯಾಕೆಟ್ಟನ್ನು ಕಿಟಕಿಯಿಂದ ಹೊರಗೆ ಬಿಟ್ಟಳು. ನಾನು ನೋಡುತ್ತಿರುವುದು ಅವಳಿಗೆ ಗೊತ್ತಿತ್ತು. ಹಟಕ್ಕೆ ಮಾಡಿದ್ದಲ್ಲ, ಭಯವೂ ಇಲ್ಲ. ಎಲ್ಲರೂ ಮಾಡುವಂತೆ, ಕೈ ಒದರಿದಂತೆ. ಬೇರೆ ಯಾರಾದರೂ ಆಗಿದ್ದರೆ ಎಬ್ಬಿಸಿ ಎತ್ತಿಕೊಂಡು ಬಾ ಎನ್ನುತ್ತಿದ್ದೆ. ಅವಳಿಗೆ ಹೇಳಲಾಗಲಿಲ್ಲ. ಪುಸ್ತಕ ತೆಗೆಯಿರಿ ಎಂದೆ.

ಈಗ ಶಾಲೆಯ ಹಿಂದೆ ಒಂದು ಗುಂಡಿ ತೋಡಿದ್ದೇವೆ. ವಾರಕ್ಕೊಮ್ಮೆ ಹೆಡ್ಮಾಸ್ಟರು ಕಸಕ್ಕೆ ಬೆಂಕಿ ಹಾಕಿಸುತ್ತಾರೆ. ಅವರನ್ನು ದೂರಲಾರೆ, ಬೇರೆ ಏನು ಮಾಡಬೇಕೆಂದು ಅವರು ನನ್ನನ್ನೇ ಕೇಳಿದ್ದರು. ಕಪ್ಪು ಹೊಗೆ ನೇರ ಆರನೇ ತರಗತಿಗೆ ನುಗ್ಗುತ್ತದೆ. ಮಕ್ಕಳು ಕೆಮ್ಮುತ್ತಾರೆ. ಕಿಟಕಿ ಮುಚ್ಚಿ, ಬೆವರುತ್ತ ಪಾಠ ಮುಂದುವರಿಸುತ್ತೇವೆ.

ಹುಡುಗಿ ಈಗ ತಾಳವಾಡಿಯ ಹೈಸ್ಕೂಲಿಗೆ ಹೋಗುತ್ತಾಳೆ. ಮೊನ್ನೆ ಸಂಜೆ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಎತ್ತರವಾಗಿದ್ದಾಳೆ, ಎರಡು ಜಡೆ ಮಡಿಸಿ ಕಟ್ಟಿದ್ದಾಳೆ. ಓಡಿಬಂದು ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ಓದು ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ ಎಂದಳು. ತಾನಾಗಿಯೇ ಹೇಳಿದಳು.

"ಅಲ್ಲೂ ಕಸ ಎತ್ತ ಗುಂಪು ಮಾಡವ್ರ ಟೀಚರ್. ನಾ ಸೇರ್ನಿಲ್ಲ."

"ಯಾಕವ್ವ?"

"ಆಗ್ನಿಲ್ಲ," ಎಂದಳು. ಆಮೇಲೆ ನನ್ನ ಮುಖ ನೋಡಿ, "ನೀವ್ ಬ್ಯಾಜಾರ್ ಮಾಡ್ಕಬ್ಯಾಡಿ. ನೀವೇನ್ ಬೇಕಂತ ಮಾಡಿದ್ರಾ?" ಎಂದಳು.

ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು. ಅದಕ್ಕಿಂತ ಅವಳು ನನ್ನ ಮೇಲೆ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬಸ್ಸು ಬಂತು. ಅವಳು ಮುಂದೆ ನುಗ್ಗಿ ನನಗೂ ಜಾಗ ಹಿಡಿದಳು. ದಾರಿಯುದ್ದಕ್ಕೂ ಅವ್ವನ ಮಂಡಿನೋವಿನ ಬಗ್ಗೆ, ಲೆಕ್ಕದ ಮೇಷ್ಟರ ಬಗ್ಗೆ ಮಾತಾಡಿದಳು. ನಾನು ಹೂಂಗುಟ್ಟುತ್ತ ಕೂತೆ. ನನ್ನ ಊರು ಬಂದಾಗ ಚೀಲವನ್ನು ಕೈಗೆ ಕೊಟ್ಟು, "ನಿಧಾನ ಇಳೀರಿ ಟೀಚರ್," ಎಂದಳು. ಇಳಿದೆ.